ಸಂಗೀತದ ಟೀಚರ್‌ಗೆ ನೋಟಿಸ್: ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿದರೂ ನಮ್ಮ ಪುಟ್ಟ ಡಿಸ್ಟ್ರಿಕ್ಟ್‌ಗೆ ದುಡ್ಡಿಲ್ಲವಂತೆ, ಹೇಗೆ?

ಬಸವನಗುಡಿ_ಅಮ್ಮ | ಮಾರ್ಚ್ 5, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರು ಸ್ವಲ್ಪ ದಾರಿ ತೋರಿಸಿ.

ನಮ್ಮದು ತೀರಾ ಚಿಕ್ಕ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಘಟಕ. ಎರಡೇ ಶಾಲೆ, ಎಂಟನೇ ಕ್ಲಾಸಿನವರೆಗೆ. ಊರಿನ ಹೆಸರು ಬೇಡ, ಹೇಳಿದರೆ ನನ್ನ ಮನೆ ನಂಬರ್ ಹೇಳಿದ ಹಾಗೇ. ನಿನ್ನೆ ಸಂಜೆ ಇಮೇಲ್ ಬಂತು. ಮುಂದಿನ ವರ್ಷ ಸಂಗೀತದ ಟೀಚರ್ ಇಲ್ಲ, ಲೈಬ್ರರಿ ಅರ್ಧ ದಿನ ಮಾತ್ರ. ಕಾರಣ, ಬಜೆಟ್ ಕೊರತೆ. ಅಷ್ಟೇ, ಎರಡೇ ಪದ.

ಮಗಳು ನಾಲ್ಕನೇ ಕ್ಲಾಸು. ದಿನಾ ಸಂಜೆ ಬಿಳಿ ಪ್ಲಾಸ್ಟಿಕ್ ರಿಕಾರ್ಡರ್ ಊದಿ ನಮ್ಮ ತಲೆ ತಿನ್ನುತ್ತಾಳೆ. ಆದರೆ ಆ ಟೀಚರ್ ಬಂದ ಮೇಲೇ ಅವಳು ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅನ್ನುವುದನ್ನು ಬಿಟ್ಟಿದ್ದು.

ಡಿಸೆಂಬರ್ 10ಕ್ಕೊಂದು ಕಂತು, ಏಪ್ರಿಲ್ 10ಕ್ಕೊಂದು ಕಂತು. ಕಟ್ಟುವಾಗ ಕೈ ನಡುಗುತ್ತದೆ. ಮನೆ ಬೆಲೆ ಹತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿದೆ. ಹಾಗಿದ್ದ ಮೇಲೆ ಶಾಲೆಗೆ ದುಡ್ಡು ಜಾಸ್ತಿ ಬರಬೇಕಿತ್ತು ಅಲ್ವಾ? ಯಾರು ತಿನ್ನುತ್ತಿದ್ದಾರೆ?

ತಿಂಡಿಪೋತ | ಮಾರ್ಚ್ 5, ರಾತ್ರಿ 11:10

ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿ, ಆ ಸೂಪರಿಂಟೆಂಡೆಂಟ್ ಸಂಬಳ ನೋಡಿದ್ದೀರಾ? ಎರಡು ಶಾಲೆಗೆ ಒಬ್ಬ ಸೂಪರಿಂಟೆಂಡೆಂಟ್, ಎರಡು ಪ್ರಿನ್ಸಿಪಾಲ್, ಒಬ್ಬ ಹಣಕಾಸಿನವರು. ಅಲ್ಲೇ ಇದೆ ನಿಮ್ಮ ರಿಕಾರ್ಡರ್.

ಲೆಕ್ಕದ_ಮೇಷ್ಟ್ರು | ಮಾರ್ಚ್ 5, ರಾತ್ರಿ 11:48

ತಿಂಡಿಪೋತರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಚಿಕ್ಕ ಡಿಸ್ಟ್ರಿಕ್ಟ್‌ನಲ್ಲಿ ಆಫೀಸಿನ ಖರ್ಚು ಹಂಚಿಕೊಳ್ಳಲು ಮಕ್ಕಳೇ ಕಡಿಮೆ. ಆದರೆ ಅಮ್ಮನವರ ಪ್ರಶ್ನೆಗೆ ಅದು ಉತ್ತರ ಅಲ್ಲ. ನಾನು ಪಕ್ಕದ ಕೌಂಟಿಯಲ್ಲಿ ಶಾಲಾ ಕಟ್ಟಡಕ್ಕೆ ಎತ್ತಿದ ಬಾಂಡ್ ಸಾಲದ ಹಣದ ಮೇಲುಸ್ತುವಾರಿ ಕಮಿಟಿಯಲ್ಲಿ ನಾಲ್ಕು ವರ್ಷ ಕೂತವನು. ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಳ್ಳಿ.

ಮೊದಲನೆಯದು, ನಿಮ್ಮ ಮನೆ ಬೆಲೆಗೂ ಶಾಲೆಯ ಆದಾಯಕ್ಕೂ ನೀವು ಅಂದುಕೊಂಡ ಸಂಬಂಧ ಇಲ್ಲ. 1978ರಲ್ಲಿ ಜನರೇ ವೋಟು ಹಾಕಿ ತಂದ ಪ್ರೊಪೊಸಿಷನ್ 13 ಅನ್ನುವ ಕಾನೂನು ಬಂದ ಮೇಲೆ ಮೂಲ ತೆರಿಗೆ ಮನೆಯ ತೆರಿಗೆ ಮೌಲ್ಯದ ಶೇ 1. ಮನೆ ಕೈ ಬದಲಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ನಿಮ್ಮ ಪಕ್ಕದ ಮನೆ ಅಜ್ಜ 1985ರಲ್ಲಿ ಕೊಂಡಿದ್ದರೆ ಅವರು ಕಟ್ಟುವುದು ನಿಮ್ಮದರ ಸಣ್ಣ ಪಾಲು. ಆ ಶೇ 1ರಲ್ಲೂ ಕೌಂಟಿ, ಸಿಟಿ, ಫೈರ್ ಎಲ್ಲ ಪಾಲುದಾರರು.

ಎರಡನೆಯದು ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಎಲ್‌ಸಿಎಫ್‌ಎಫ್ ಅನ್ನುವ ಸೂತ್ರ ಇದೆ. ಒಂದು ಮಗುವಿಗೆ ಇಷ್ಟು ಅಂತ ರಾಜ್ಯ ಮೊದಲೇ ಲೆಕ್ಕ ಹಾಕಿ ಒಂದು ಮೊತ್ತ ಹೇಳುತ್ತದೆ. ಅದರಲ್ಲಿ ಊರಿನ ಪ್ರಾಪರ್ಟಿ ಟ್ಯಾಕ್ಸ್ ಎಷ್ಟು ಬಂತೋ ಅಷ್ಟನ್ನು ಕಳೆದು, ಉಳಿದದ್ದನ್ನು ಮಾತ್ರ ರಾಜ್ಯ ತುಂಬುತ್ತದೆ. ಅಂದರೆ ನಿಮ್ಮ ಊರಿನ ತೆರಿಗೆ ಏರಿದರೆ ರಾಜ್ಯದ ಪಾಲು ಅಷ್ಟೇ ಇಳಿಯುತ್ತದೆ. ಪಾತ್ರೆ ಅಷ್ಟೇ, ಸುರಿಯುವ ಚೊಂಬು ಬೇರೆ. ಉಳಿತಾಯ ರಾಜ್ಯದ ಖಜಾನೆಗೆ, ನಿಮ್ಮ ಶಾಲೆಗಲ್ಲ.

ಪಕ್ಕದೂರಿನವಳು | ಮಾರ್ಚ್ 6, ಬೆಳಿಗ್ಗೆ 7:15

ಮೇಷ್ಟ್ರೇ, ಎಲ್ಲ ಕಡೆ ಹಾಗಿಲ್ಲ. ನಮ್ಮದು "ಬೇಸಿಕ್ ಏಡ್" ಡಿಸ್ಟ್ರಿಕ್ಟ್. ಪ್ರಾಪರ್ಟಿ ಟ್ಯಾಕ್ಸೇ ಸೂತ್ರದ ಮೊತ್ತವನ್ನು ದಾಟಿಬಿಡುತ್ತದೆ, ದಾಟಿದ್ದನ್ನೆಲ್ಲ ನಾವೇ ಇಟ್ಟುಕೊಳ್ಳಬಹುದು. ಪಾಲೊ ಆಲ್ಟೊ ಕೂಡ ಹೀಗೇ. ನಮ್ಮಲ್ಲಿ ಸಂಗೀತ, ಚಿತ್ರಕಲೆ, ಕೌನ್ಸೆಲರ್ ಎಲ್ಲ ಇದ್ದಾರೆ.

ಲೆಕ್ಕದ_ಮೇಷ್ಟ್ರು | ಮಾರ್ಚ್ 6, ಬೆಳಿಗ್ಗೆ 7:40

ಹೌದು. ಅದಕ್ಕೇ ಒಂದು ಹಳ್ಳದ ಈ ಕಡೆ ಸಂಗೀತ ಇಲ್ಲ, ಆ ಕಡೆ ಇದೆ. 1971ರಲ್ಲೇ ಸೆರಾನೊ ಕೇಸಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್, ಊರಿನ ಆಸ್ತಿ ನೋಡಿ ಮಗುವಿನ ಓದು ನಿರ್ಧಾರ ಆಗಬಾರದು ಅಂತ ಹೇಳಿತ್ತು. ಬೇಸಿಕ್ ಏಡ್ ಅದರಿಂದ ನುಣುಚಿಕೊಂಡ ಮೀನು. ಒಂದು ಮಾತು ನೆನಪಿಡಿ: ನಿಮ್ಮಲ್ಲಿ ಹೊಸ ಮಗು ಸೇರಿದರೆ ಹೊಸ ದುಡ್ಡು ಬರುವುದಿಲ್ಲ. ಆದ್ದರಿಂದಲೇ ನಿಮ್ಮವರು ವಿಳಾಸದ ದಾಖಲೆಯನ್ನು ಭೂತಗನ್ನಡಿ ಹಿಡಿದು ನೋಡುವುದು.

ಡಲ್ಲಾಸ್_ದೋಸೆ | ಮಾರ್ಚ್ 6, ಬೆಳಿಗ್ಗೆ 8:05

ನಮ್ಮ ಟೆಕ್ಸಸ್‌ನಲ್ಲಿ ಅದನ್ನೂ ಬಿಡುವುದಿಲ್ಲ. 1993ರಿಂದ "ರಾಬಿನ್ ಹುಡ್" ಕಾನೂನು. ಆಸ್ತಿ ಜಾಸ್ತಿ ಇರುವ ಡಿಸ್ಟ್ರಿಕ್ಟ್ ತನ್ನ ತೆರಿಗೆಯ ಪಾಲನ್ನು ರಾಜ್ಯಕ್ಕೆ ವಾಪಸ್ ಕೊಡಬೇಕು. ಆಸ್ಟಿನ್‌ನವರ ಗೋಳು ಕೇಳಿ ಒಮ್ಮೆ.

ವೀಸಾ_ವನವಾಸ | ಮಾರ್ಚ್ 6, ಬೆಳಿಗ್ಗೆ 9:30

ಸುಮ್ನೆ ಓದುತ್ತಿದ್ದೆ. ಒಂದು ಅನುಮಾನ. ನಾವು ಹೋದ ಡಿಸೆಂಬರ್‌ನಲ್ಲಿ ತಮ್ಮನ ಮದುವೆಗೆ ಮೈಸೂರಿಗೆ ಹೋಗಿ ಐದು ವಾರ ಇದ್ದೆವು. ವಾಪಸ್ ಬಂದಾಗ ಶಾಲೆಯ ಆಫೀಸಿನಾಕೆ ಮುಖ ಗಂಟು ಹಾಕಿಕೊಂಡಿದ್ದಳು. ಮಗ ಎರಡನೇ ಕ್ಲಾಸು, ಪಾಠ ಎಲ್ಲ ಮನೆಯಲ್ಲೇ ಮಾಡಿಸಿದ್ದೆವು. ಅವಳಿಗೇನು ಕಷ್ಟ?

ಲೆಕ್ಕದ_ಮೇಷ್ಟ್ರು | ಮಾರ್ಚ್ 6, ಮಧ್ಯಾಹ್ನ 12:20

ಸ್ವಾಮಿ, ಅವಳ ಕಷ್ಟ ದಿನಕ್ಕೆ ಸುಮಾರು 55 ಡಾಲರ್.

ಸೂತ್ರದ ದುಡ್ಡು ಹೆಸರು ಬರೆಸಿದ ಮಕ್ಕಳ ಲೆಕ್ಕಕ್ಕೆ ಬರುವುದಿಲ್ಲ. ಹಾಜರಿಯ ಸರಾಸರಿಗೆ ಬರುತ್ತದೆ, ಎಡಿಎ ಅನ್ನುತ್ತಾರೆ. ಕೆಳಗಿನ ಕ್ಲಾಸುಗಳಿಗೆ ಮೂಲ ಅನುದಾನ ಒಂದು ಮಗುವಿಗೆ ವರ್ಷಕ್ಕೆ ಸುಮಾರು 10,000 ಡಾಲರ್ ಅಂತ ಇಟ್ಟುಕೊಳ್ಳಿ. ಶಾಲೆ ನಡೆಯುವುದು 180 ದಿನ. ಭಾಗಿಸಿ ನೋಡಿ. ರಜೆ ಕಳೆದು ನಿಮ್ಮ ಮಗ 15 ದಿನ ತಪ್ಪಿಸಿದ್ದರೂ 800 ಡಾಲರ್ ಹತ್ತಿರ ಹೋಯಿತು. ಟೀಚರ್ ಸಂಬಳ, ಲೈಟು, ಹೀಟರ್ ಏನೂ ಕಡಿಮೆ ಆಗಲಿಲ್ಲ. ದೊಡ್ಡ ಡಿಸ್ಟ್ರಿಕ್ಟ್‌ಗೆ ಇದು ಸಮುದ್ರದಲ್ಲಿ ಹುಣಸೆಹಣ್ಣು. 400 ಮಕ್ಕಳಿರುವ ಕಡೆ ಮೂವತ್ತು ಮನೆಯವರು ಹೀಗೆ ಹೋಗಿಬಂದರೆ? ಗುಣಿಸಿ.

ಇನ್ನೊಂದು. 180ರಲ್ಲಿ 18 ದಿನ ತಪ್ಪಿದರೆ ಮಗು "ಕ್ರಾನಿಕ್ ಆಬ್ಸೆಂಟ್" ಪಟ್ಟಿಗೆ ಸೇರುತ್ತದೆ. ಅದು ರಾಜ್ಯದ ಡ್ಯಾಶ್‌ಬೋರ್ಡ್‌ನಲ್ಲಿ ಶಾಲೆಯ ಅಂಕಪಟ್ಟಿಯ ಒಂದು ಭಾಗ. ಅಜ್ಜಿ ಮನೆಯಲ್ಲಿ ಹೋಳಿಗೆ ತಿಂದು ಬಂದ ಹುಡುಗನೂ, ಶಾಲೆಯ ಕಡೆ ತಲೆ ಹಾಕದ ಹುಡುಗನೂ ಅಲ್ಲಿ ಒಂದೇ.

ಮುಂದಿನ ಸಲ ಹೊರಡುವ ಮೊದಲೇ "ಇಂಡಿಪೆಂಡೆಂಟ್ ಸ್ಟಡಿ" ಒಪ್ಪಂದಕ್ಕೆ ಸಹಿ ಹಾಕಿ. ಕೊಟ್ಟ ಪಾಠ ಮಾಡಿ ತಂದುಕೊಟ್ಟರೆ ಹಾಜರಿ ಸಿಗುತ್ತದೆ. ಮತ್ತೆ, ದುಡ್ಡಿಗೆ ಲೆಕ್ಕ ಹಿಡಿಯುವ ಹಾಜರಿ ಏಪ್ರಿಲ್ ಮಧ್ಯದವರೆಗೆ ಮಾತ್ರ. ನಾನು ಏನೂ ಹೇಳಲಿಲ್ಲ, ನೀವು ಏನೂ ಕೇಳಲಿಲ್ಲ.

ವೀಸಾ_ವನವಾಸ | ಮಾರ್ಚ್ 6, ಮಧ್ಯಾಹ್ನ 12:41

ಅಯ್ಯೋ. ನಾಳೆ ಹೋಗಿ ಆಕೆಗೆ ಒಂದು ಮೈಸೂರು ಪಾಕ್ ಕೊಟ್ಟು ಬರುತ್ತೇನೆ.

ಬಸವನಗುಡಿ_ಅಮ್ಮ | ಮಾರ್ಚ್ 6, ಸಂಜೆ 6:05

ಮೇಷ್ಟ್ರೇ, ಧನ್ಯವಾದ. ಮತ್ತೊಂದು ಕೇಳುತ್ತೇನೆ, ಬೈಯಬೇಡಿ. ಶಾಲೆಗೆ ಸೇರಿಸುವಾಗ "ಮನೆಯಲ್ಲಿ ಯಾವ ಭಾಷೆ" ಅಂತ ಒಂದು ಫಾರಂ ಕೊಟ್ಟಿದ್ದರು. ನಮ್ಮ ಗುಂಪಿನವರೆಲ್ಲ, ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟು ಬೇರೆ ಕೂರಿಸುತ್ತಾರೆ, ಇಂಗ್ಲಿಷ್ ಅಂತ ಬರೆದುಬಿಡು ಅಂದರು. ನಾನೂ ಹಾಗೇ ಬರೆದೆ. ಅದಕ್ಕೂ ದುಡ್ಡಿಗೂ ಸಂಬಂಧ ಇದೆಯಾ?

ಲೆಕ್ಕದ_ಮೇಷ್ಟ್ರು | ಮಾರ್ಚ್ 6, ರಾತ್ರಿ 9:12

ಇದೆ. ಇಂಗ್ಲಿಷ್ ಕಲಿಯುತ್ತಿರುವ ಮಗು, ಬಡ ಮನೆಯ ಮಗು, ಹೆತ್ತವರ ಬದಲು ಸರ್ಕಾರ ಒಪ್ಪಿಸಿದ ಫಾಸ್ಟರ್ ಮನೆಯಲ್ಲಿರುವ ಮಗು, ಇಂಥ ಪ್ರತಿ ಮಗುವಿಗೆ ಮೂಲ ಅನುದಾನದ ಮೇಲೆ ಶೇ 20 ಜಾಸ್ತಿ. ಅಂಥ ಮಕ್ಕಳು ಒಟ್ಟು ಸಂಖ್ಯೆಯ ಶೇ 55 ದಾಟಿದರೆ, ದಾಟಿದ ಭಾಗಕ್ಕೆ ಇನ್ನೂ ದೊಡ್ಡ ಮೊತ್ತ. ಆದರೆ ನಿಮ್ಮ ಮಗಳು ಎಲ್‌ಪ್ಯಾಕ್ ಅನ್ನುವ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಮೊದಲ ದಿನವೇ ಪಾಸಾಗುತ್ತಿದ್ದಳೋ ಏನೋ. ಪಾಸಾದ ಮಗುವಿಗೆ ಜಾಸ್ತಿ ದುಡ್ಡೂ ಇಲ್ಲ, ಬೇರೆ ಕೂರಿಸುವುದೂ ಇಲ್ಲ. ಅದು ಬಿಡಿ. ದುಡ್ಡಿನ ಮಾತಿಗಿಂತ, ಫಾರಂನಲ್ಲಿ ಸುಳ್ಳು ಬರೆಯಿರಿ ಅಂತ ಹೇಳಿಕೊಡುವ ನಮ್ಮ ವಾಟ್ಸ್ಯಾಪ್ ಗುಂಪುಗಳ ಮೇಲೆ ನನಗೆ ಸಿಟ್ಟಿದೆ. ಮನೆಯಲ್ಲಿ ಮಾತಾಡುವುದು ಕನ್ನಡ, ಬರೆಯುವುದು ಇಂಗ್ಲಿಷ್. ಕನ್ನಡ ಶಾಲೆಗೆ ಮಾತ್ರ ಶನಿವಾರ ಬೆಳಿಗ್ಗೆ ಕಾರು ಓಡಿಸಿಕೊಂಡು ಹೋಗುತ್ತೇವೆ.

ಪಕ್ಕದೂರಿನವಳು | ಮಾರ್ಚ್ 6, ರಾತ್ರಿ 9:40

ಸಿಟ್ಟು ಸರಿ, ಆದರೆ ಪೂರ್ತಿ ಒಪ್ಪುವುದಿಲ್ಲ. ನನ್ನ ದೊಡ್ಡವನಿಗೆ ಕನ್ನಡ ಅಂತ ಬರೆದೆ. ನಾಲ್ಕೂವರೆ ವರ್ಷದ ಸಂಕೋಚದ ಹುಡುಗ, ಗುರುತಿಲ್ಲದ ಆಂಟಿಯ ಮುಂದೆ ಬಾಯಿ ಬಿಡಲಿಲ್ಲ. ಆಮೇಲೆ ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಹೊರಗೆ ಬರಲು ಮೂರು ವರ್ಷ ಬೇಕಾಯಿತು. ತಾಯಂದಿರು ಸುಮ್ನೆ ಹೆದರುವುದಿಲ್ಲ.

ಮೂಲೆಮನೆ | ಮಾರ್ಚ್ 7, ಬೆಳಿಗ್ಗೆ 6:30

ನ್ಯೂಜೆರ್ಸಿಯಿಂದ. ನಮ್ಮ ರಾಜ್ಯದಲ್ಲಿ ಡಿಸ್ಟ್ರಿಕ್ಟ್‌ಗಳು ಆರುನೂರರ ಆಸುಪಾಸು. ಊರಿಗೊಂದು, ಬೀದಿಗೊಂದು ಅನ್ನಿ. ಶಾಲೆಯ ದುಡ್ಡು ಬಹುಪಾಲು ಪ್ರಾಪರ್ಟಿ ಟ್ಯಾಕ್ಸಿನಿಂದಲೇ, ಅದನ್ನು ವರ್ಷಕ್ಕೆ ಶೇ 2ಕ್ಕಿಂತ ಏರಿಸಲು ಜನರ ವೋಟು ಬೇಕು. ಕೆಲವು ವಿನಾಯಿತಿ ಇವೆ. ಪಕ್ಕದೂರಿನ ಜತೆ ಸೇರಿಸಿಬಿಡಿ ಅಂತ ಯಾರಾದರೂ ಅಂದರೆ ಸಾಕು, ಭಾರತ-ಪಾಕಿಸ್ತಾನ ಮ್ಯಾಚ್. ಅಮ್ಮನವರೇ, ನಿಮ್ಮ ಸ್ಕೂಲ್ ಬೋರ್ಡಿನವರು ಯಾರು? ಅವರನ್ನು ಕೇಳಿದಿರಾ?

ಬಸವನಗುಡಿ_ಅಮ್ಮ | ಮಾರ್ಚ್ 7, ಮಧ್ಯಾಹ್ನ 1:15

ನಿಜ ಹೇಳಲಾ? ಆರು ವರ್ಷದಿಂದ ಇಲ್ಲಿದ್ದೇನೆ, ಬೋರ್ಡಿನ ಐದು ಜನರಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ. ನಾನು ಹೋದ ವರ್ಷವಷ್ಟೇ ಸಿಟಿಜನ್ ಆದೆ.

ಲೆಕ್ಕದ_ಮೇಷ್ಟ್ರು | ಮಾರ್ಚ್ 7, ಮಧ್ಯಾಹ್ನ 2:02

ಹಾಗಾದರೆ ಇದನ್ನು ಓದಿ. ಬೋರ್ಡ್ ಅಂದರೆ ಊರಿನವರು ನಾಲ್ಕು ವರ್ಷಕ್ಕೆ ಆರಿಸಿದ ಮೂರೋ ಐದೋ ಏಳೋ ಜನ. ಸೂಪರಿಂಟೆಂಡೆಂಟ್‌ನನ್ನು ನೇಮಿಸುವುದು, ತೆಗೆಯುವುದು, ಬಜೆಟ್ ಪಾಸು ಮಾಡುವುದು ಅವರು. ಚಿಕ್ಕ ಊರಿನಲ್ಲಿ ಎಷ್ಟೋ ಸಲ ನಿಲ್ಲುವವರೇ ಇರುವುದಿಲ್ಲ. ಖಾಲಿ ಸೀಟು ಎಷ್ಟೋ ನಿಂತವರೂ ಅಷ್ಟೇ ಆದರೆ ಚುನಾವಣೆಯೇ ನಡೆಯುವುದಿಲ್ಲ, ಹಾಗೇ ಕೂರಿಸುತ್ತಾರೆ. ಆದ್ದರಿಂದ ನೀವು ಮುಖ ನೋಡಿಲ್ಲ.

ನಿಲ್ಲುವವರು ಕಡಿಮೆ, ಆದರೆ ಕೈಯಲ್ಲಿರುವ ಅಧಿಕಾರ ಕಡಿಮೆ ಅಲ್ಲ. ಫ್ರಿಮಾಂಟ್ ಪಕ್ಕದ ಸುನೋಲ್ ನೋಡಿ. ಇಡೀ ಡಿಸ್ಟ್ರಿಕ್ಟ್‌ಗೆ ಒಂದೇ ಶಾಲೆ, ಬೋರ್ಡಿನಲ್ಲಿ ಮೂರು ಜನ. 2023ರಲ್ಲಿ ಶಾಲೆಯ ಕಂಬದ ಮೇಲೆ ಯಾವ ಬಾವುಟ ಹಾರಬಹುದು ಅನ್ನುವ ನಿರ್ಣಯ 2-1ರಲ್ಲಿ ಪಾಸಾಯಿತು. ಊರು ಎರಡು ಹೋಳಾಯಿತು. 2024ರ ಜುಲೈನಲ್ಲಿ ಆ ಇಬ್ಬರನ್ನು ಜನ ವೋಟು ಹಾಕಿ ಕೆಳಗಿಳಿಸಿದರು. ಎರಡು ಕೈ ಎತ್ತಿದರೆ ಶಾಲೆಯ ನೀತಿ ಬದಲು, ಅಂಥ ಅಳತೆ ಅದು.

ಈಗ ನಿಮ್ಮ ವಿಷಯ. ಇವತ್ತು ಮಾರ್ಚ್ 7. ಮುಂದಿನ ವರ್ಷ ಕೆಲಸ ಇಲ್ಲ ಅಂತ ಟೀಚರ್‌ಗಳಿಗೆ ಮೊದಲ ನೋಟಿಸ್ ಕೊಡಲು ಕಡೇ ದಿನ ಮಾರ್ಚ್ 15. "ಸೆಕೆಂಡ್ ಇಂಟರಿಮ್" ಅನ್ನುವ ಹಣಕಾಸು ವರದಿಯ ಗಡುವೂ ಅದರ ಆಸುಪಾಸೇ. ಈ ವರ್ಷ ಮತ್ತು ಮುಂದಿನ ಎರಡು ವರ್ಷ ಬಿಲ್ ಕಟ್ಟಲು ಆಗುತ್ತದಾ ಅಂತ ಬೋರ್ಡ್ ಅದರಲ್ಲಿ ಬರೆದುಕೊಡಬೇಕು. ಪಾಸಿಟಿವ್ (ಆಗುತ್ತದೆ), ಕ್ವಾಲಿಫೈಡ್ (ಆಗದಿರಬಹುದು), ನೆಗೆಟಿವ್ (ಆಗುವುದಿಲ್ಲ), ಮೂರರಲ್ಲಿ ಒಂದು. ಪಾಸಿಟಿವ್ ಅಲ್ಲದಿದ್ದರೆ ಕೌಂಟಿ ಬಂದು ತಲೆ ಮೇಲೆ ಕೂರುತ್ತದೆ. ಚಿಕ್ಕ ಡಿಸ್ಟ್ರಿಕ್ಟ್ ಮೀಸಲು ನಿಧಿಯನ್ನೂ ಜಾಸ್ತಿ ಇಡಬೇಕು: ಹಾಜರಿ 300ರೊಳಗಿದ್ದರೆ ಖರ್ಚಿನ ಶೇ 5, ಸಾವಿರದವರೆಗೆ ಶೇ 4, ಅದರ ಮೇಲೆ 30,000ದವರೆಗೆ ಶೇ 3.

ಎಲ್ಲರೂ ಜೂನ್‌ನಲ್ಲಿ ಬಜೆಟ್ ಪಾಸಾಗುವಾಗ ಘೋಷಣೆಯ ಫಲಕ ಹಿಡಿದು ಬಂದು ಕೂಗುತ್ತಾರೆ. ಅಷ್ಟು ಹೊತ್ತಿಗೆ ಮದುವೆ ಮುಗಿದು ಚಪ್ಪರ ಬಿಚ್ಚಿರುತ್ತಾರೆ. ತೀರ್ಮಾನ ಆಗುವುದು ಡಿಸೆಂಬರ್ ಮತ್ತು ಮಾರ್ಚ್‌ನ ಎರಡು ಬೋರು ಹೊಡೆಸುವ ಮೀಟಿಂಗ್‌ಗಳಲ್ಲಿ. ಇಂಥ ಮೀಟಿಂಗ್ ಜನರ ಮುಂದೆಯೇ ನಡೆಯಬೇಕು ಅನ್ನುವ ಬ್ರೌನ್ ಆ್ಯಕ್ಟ್ ಪ್ರಕಾರ ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮೊದಲೇ ಹಾಕಬೇಕು. ಈಗಲೇ ವೆಬ್‌ಸೈಟ್ ನೋಡಿ. ಈ ವಾರದಲ್ಲೇ ಒಂದು ಮೀಟಿಂಗ್ ಇರಲೇಬೇಕು.

ವೀಸಾ_ವನವಾಸ | ಮಾರ್ಚ್ 7, ಮಧ್ಯಾಹ್ನ 2:30

ನಮ್ಮಂಥವರು ಹೋಗಬಹುದಾ? ವೋಟು ಇಲ್ಲ, ಗ್ರೀನ್ ಕಾರ್ಡಿನ ಕ್ಯೂನಲ್ಲಿ ಕೂದಲು ಬಿಳಿ ಆಯಿತು.

ಲೆಕ್ಕದ_ಮೇಷ್ಟ್ರು | ಮಾರ್ಚ್ 7, ಮಧ್ಯಾಹ್ನ 2:44

ಧಾರಾಳವಾಗಿ. ಮಾತಾಡಲು ವೀಸಾ ಯಾರೂ ಕೇಳುವುದಿಲ್ಲ, ಹೆಸರು ಹೇಳಲೂ ಬಲವಂತ ಇಲ್ಲ. ವೋಟು ಮಾತ್ರ ಸಿಟಿಜನ್‌ಗೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ 2016ರಲ್ಲಿ ಜನ ಒಪ್ಪಿದ ಮೇಲೆ, ಸಿಟಿಜನ್ ಅಲ್ಲದ ಅಪ್ಪ-ಅಮ್ಮಂದಿರೂ ಸ್ಕೂಲ್ ಬೋರ್ಡಿಗೆ ವೋಟು ಹಾಕಬಹುದು.

ಹಾಸನದ_ಹೆಡ್‌ಮಾಸ್ಟರ್ | ಮಾರ್ಚ್ 8, ಬೆಳಿಗ್ಗೆ 5:50

ನಾನು ನಿವೃತ್ತ ಸರ್ಕಾರಿ ಶಾಲಾ ಮುಖ್ಯ ಶಿಕ್ಷಕ. ಮಗಳ ಮನೆಗೆ ಬಂದಿದ್ದೇನೆ, ನಿದ್ದೆ ಬರುವುದಿಲ್ಲ, ಇದನ್ನೆಲ್ಲ ಓದುತ್ತಿದ್ದೇನೆ.

ಹೋದ ತಿಂಗಳು ಅಳಿಯನ ಜತೆ ಇಲ್ಲಿನ ಒಂದು ಬೋರ್ಡ್ ಮೀಟಿಂಗಿಗೆ ಹೋಗಿದ್ದೆ. ಒಬ್ಬ ಹೆಂಗಸು ಎದ್ದು ನಿಂತು, ಪುಟ 47ರಲ್ಲಿ ಕಾಗದದ ಖರ್ಚು ಯಾಕೆ ದುಪ್ಪಟ್ಟು ಅಂತ ಕೇಳಿದಳು. ನಾನು ಬೆರಗಾದೆ. ನಮ್ಮಲ್ಲೂ ಸಮಿತಿ ಇದೆ. ರಾಜಾ ರಾಮಣ್ಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಎಸ್‌ಡಿಎಂಸಿ ಬಂತು. ಆಮೇಲೆ ಬಂದ ಆರ್‌ಟಿಇ ಕಾಯ್ದೆ, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂದಿತು. ಕಾಗದದ ಮೇಲೆ ಇಲ್ಲಿಗಿಂತ ಚೆನ್ನಾಗಿದೆ. ಆದರೆ ಟೀಚರ್ ಸಂಬಳ ಖಜಾನೆಯಿಂದ, ವರ್ಗಾವಣೆ ಇಲಾಖೆಯ ಕೌನ್ಸೆಲಿಂಗಿನಿಂದ, ಪುಸ್ತಕ ಬಿಇಒ ಆಫೀಸಿನಿಂದ. ಸಮಿತಿಯ ಕೈಗೆ ಬರುವುದು ಶಾಲಾ ಅನುದಾನ: 30 ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100 ಮಕ್ಕಳವರೆಗೆ 25,000. ಸೀಮೆಸುಣ್ಣ, ಪೊರಕೆ, ನಲ್ಲಿ ರಿಪೇರಿ. ಅಧ್ಯಕ್ಷರ ಸಹಿಗೆ ನಾನು ಎಷ್ಟೋ ಸಲ ಹೊಲದ ಬದುವಿನ ಮೇಲೆ ಚೆಕ್‌ಬುಕ್ ಹಿಡಿದು ನಿಂತಿದ್ದೇನೆ. ಅವರು ಮಣ್ಣಿನ ಕೈ ಪಂಚೆಗೆ ಒರೆಸಿಕೊಂಡು, ಎಲ್ಲಿ ಮೇಷ್ಟ್ರೇ ಅಂತ ಕೇಳಿ ಸಹಿ ಹಾಕುತ್ತಿದ್ದರು. ಯಾವುದಕ್ಕೆ ಅಂತ ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು.

ಇಲ್ಲಿ ಸಂಗೀತದ ಟೀಚರ್ ಹೋಗುತ್ತಾರೆ ಅಂತ ನಿಮಗೆ ಮಾರ್ಚ್‌ನಲ್ಲೇ ಗೊತ್ತಾಯಿತು. ನನ್ನ ಶಾಲೆಯಿಂದ ಗಣಿತದ ಮೇಷ್ಟ್ರು ಹೋದದ್ದು ನನಗೇ ಬೇರೆ ಶಾಲೆಯವರ ಫೋನ್ ಬಂದ ಮೇಲೆ ಗೊತ್ತಾಯಿತು.

ತಿಂಡಿಪೋತ | ಮಾರ್ಚ್ 8, ಬೆಳಿಗ್ಗೆ 8:20

ಸರ್, ನಮಸ್ಕಾರ. ಆದರೆ ಒಂದು ಮಾತು. ಇಷ್ಟೆಲ್ಲ ರಗಳೆ ಮಾಡಿ ಇವರ ಶಾಲೆಯ ರಿಸಲ್ಟ್ ಹೇಗಿದೆ? ಮನೆ ಮಾರುವ ಸೈಟ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಅಂತ ನೋಡಿಯೇ ನಾವೆಲ್ಲ ಮನೆ ಕೊಂಡಿದ್ದು.

ಬಸವನಗುಡಿ_ಅಮ್ಮ | ಮಾರ್ಚ್ 8, ಬೆಳಿಗ್ಗೆ 11:00

ನಮ್ಮದು ಹೋದ ವರ್ಷ ಒಂಬತ್ತಿದ್ದದ್ದು ಈಗ ಏಳಾಗಿದೆ. ಅದಕ್ಕೂ ಗುಂಪಿನಲ್ಲಿ ಗಲಾಟೆ.

ಲೆಕ್ಕದ_ಮೇಷ್ಟ್ರು | ಮಾರ್ಚ್ 8, ಮಧ್ಯಾಹ್ನ 12:15

ಆ ಒಂಬತ್ತು, ಏಳು ಎಲ್ಲ ಬಿಡಿ. ರಾಜ್ಯದ ಪರೀಕ್ಷೆ ನಡೆಯುವುದು 3ರಿಂದ 8ನೇ ಕ್ಲಾಸು, ಆಮೇಲೆ 11ನೇ ಕ್ಲಾಸಿಗೆ. ನಿಮ್ಮ ಮೂರನೇ ಕ್ಲಾಸಿನಲ್ಲಿ 25 ಮಕ್ಕಳು ಅಂದುಕೊಳ್ಳಿ. ಒಂದು ಮಗುವಿಗೆ ಅವತ್ತು ಜ್ವರ ಇತ್ತು, ಶೇ 4 ಬಿತ್ತು. ಎರಡು ಜಾಣ ಮನೆಗಳು ಸಿಯಾಟಲ್‌ಗೆ ಹೋದವು, ಇನ್ನಷ್ಟು ಬಿತ್ತು. ಟೀಚರ್ ಅದೇ, ಪಾಠ ಅದೇ. ಅದಕ್ಕೇ ರಾಜ್ಯದ ಡ್ಯಾಶ್‌ಬೋರ್ಡ್‌ನಲ್ಲಿ ಮೂವತ್ತಕ್ಕಿಂತ ಕಡಿಮೆ ಮಕ್ಕಳ ಗುಂಪಿಗೆ ಮಟ್ಟ ತೋರಿಸುವ ಬಣ್ಣವನ್ನೇ ಕೊಡುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಕಿಯನ್ನೂ ಮುಚ್ಚಿಡುತ್ತಾರೆ, ಯಾವ ಮಗು ಅಂತ ಊರಿಗೇ ಗೊತ್ತಾಗುತ್ತದಲ್ಲ.

ಚಿಕ್ಕ ಶಾಲೆಯನ್ನು ಅಳೆಯಬೇಕಾದರೆ ಒಂದೇ ಬ್ಯಾಚನ್ನು ಹಿಂಬಾಲಿಸಿ. ಇವತ್ತಿನ ಆರನೇ ಕ್ಲಾಸು ಮೂರನೇ ಕ್ಲಾಸಿನಲ್ಲಿದ್ದಾಗ ಎಷ್ಟಿತ್ತು ನೋಡಿ. ಇನ್ನೂ ಸುಲಭದ್ದು, ಐದು ವರ್ಷದಲ್ಲಿ ಎಷ್ಟು ಪ್ರಿನ್ಸಿಪಾಲ್ ಬದಲಾದರು ಕೇಳಿ. ನನಗೆ ಅದೊಂದೇ ಸಾಕು.

ಬಸವನಗುಡಿ_ಅಮ್ಮ | ಮಾರ್ಚ್ 12, ರಾತ್ರಿ 11:35

ಹೋಗಿ ಬಂದೆ! ನಿನ್ನೆ ರಾತ್ರಿ ಮೀಟಿಂಗ್. ಶಾಲೆಯ ಲೈಬ್ರರಿಯಲ್ಲಿ, ಒಂದನೇ ಕ್ಲಾಸಿನ ಮಕ್ಕಳ ಕುರ್ಚಿ. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಎಣಿಸಿದೆ, ನಾವು ಹನ್ನೊಂದು ಜನ, ಅದರಲ್ಲಿ ನಾಲ್ವರು ಟೀಚರ್‌ಗಳು. ನನ್ನ ಕೈಯಲ್ಲಿ ಅಂಟಿಸಿದ ಚೀಟಿಗಳ ಜತೆ 160 ಪುಟದ ಪ್ರಿಂಟ್.

ಮೂರು ನಿಮಿಷ ಕೊಟ್ಟರು. ಮೇಜಿನ ಮೇಲೆ ಟ್ರಾಫಿಕ್ ಸಿಗ್ನಲ್ ಥರ ದೀಪ. ಮಗಳ ಹೊಟ್ಟೆನೋವಿನ ಕಥೆ ಹೇಳಬೇಕು ಅಂದುಕೊಂಡಿದ್ದೆ. ಮೇಷ್ಟ್ರ ಮಾತು ನೆನಪಾಗಿ ಎರಡೇ ಪ್ರಶ್ನೆ ಕೇಳಿದೆ. ಹಾಜರಿ ಎಷ್ಟು ಇಳಿದಿದೆ? ಕೋವಿಡ್ ಪರಿಹಾರ ಅಂತ ಸರ್ಕಾರ ಕೊಟ್ಟ ದುಡ್ಡಿನಲ್ಲಿ ಎಷ್ಟು ಹುದ್ದೆ ತುಂಬಿದ್ದಿರಿ? ಹಳದಿ ದೀಪ ಬರುವ ಮೊದಲೇ ಮುಗಿಯಿತು. ಕೈ ಮಾತ್ರ ಈಗಲೂ ನಡುಗುತ್ತಿದೆ.

ಪಬ್ಲಿಕ್ ಕಾಮೆಂಟ್‌ಗೆ ಉತ್ತರ ಕೊಡುವ ಹಾಗಿಲ್ಲ ಅಂತ ಅಧ್ಯಕ್ಷೆ ಹೇಳಿದರು. ಆದರೆ ಆ ವಿಷಯ ಅಜೆಂಡಾದಲ್ಲಿ ಬಂದಾಗ ಬೋರ್ಡಿನ ಒಬ್ಬರು ನನ್ನ ಪ್ರಶ್ನೆಯನ್ನೇ ಎತ್ತಿ ಕೇಳಿದರು. ಸಂಗೀತದ ಹುದ್ದೆಯನ್ನು ಕೋವಿಡ್ ಪರಿಹಾರದ ದುಡ್ಡಿನಲ್ಲಿ ಶುರು ಮಾಡಿದ್ದರಂತೆ. ಆ ದುಡ್ಡಿನ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿದಿತ್ತು, ಆಮೇಲೆ ಮೀಸಲು ನಿಧಿಯಿಂದ ಎಳೆದುಕೊಂಡು ಬಂದಿದ್ದಾರೆ. ಯಾರೂ ತಿಂದಿಲ್ಲ. ತಿಂದಿದ್ದರೆ ಬೈದು ಹಗುರ ಆಗುತ್ತಿದ್ದೆ.

ನೋಟಿಸ್ ನಿರ್ಣಯ 4-1ರಲ್ಲಿ ಪಾಸಾಯಿತು. ಲೈಬ್ರರಿಯೂ ಅರ್ಧ ದಿನವೇ.

ಲೆಕ್ಕದ_ಮೇಷ್ಟ್ರು | ಮಾರ್ಚ್ 13, ಬೆಳಿಗ್ಗೆ 7:05

ಭೇಷ್. ಒಮ್ಮೆ ಬರುವ ದುಡ್ಡಿನಲ್ಲಿ ಖಾಯಂ ಹುದ್ದೆ, ಇದು ಎಷ್ಟೋ ಕಡೆಯ ಕಥೆ. ಅದರ ಜತೆ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಕ್ಯುಪರ್ಟಿನೊದಂಥ ಕಡೆಯೇ 2022ರಲ್ಲಿ ಮೇಯರ್‌ಹೋಲ್ಜ್, ರೆಗ್ನಾರ್ಟ್ ಪ್ರಾಥಮಿಕ ಶಾಲೆಗಳನ್ನು ಮುಚ್ಚಿದರು. ಟೀಚರ್‌ಗಳ ಪಿಂಚಣಿಗೆ ಡಿಸ್ಟ್ರಿಕ್ಟ್ ಕಟ್ಟುವ ಪಾಲು ಹತ್ತು ವರ್ಷದಲ್ಲಿ ಸಂಬಳದ ಶೇ 8.25ರಿಂದ ಶೇ 19.1ಕ್ಕೆ ಏರಿದೆ. ವಿಶೇಷ ಅಗತ್ಯದ ಮಕ್ಕಳ ಹೆಚ್ಚುವರಿ ಖರ್ಚಿನಲ್ಲಿ ಶೇ 40 ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ 1975ರಲ್ಲಿ ಹೇಳಿತ್ತು, ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ.

ಅಂತಿಮ ನೋಟಿಸ್‌ಗೆ ಮೇ 15ರವರೆಗೆ ಸಮಯ ಇದೆ. ಪಕ್ಕದ ಡಿಸ್ಟ್ರಿಕ್ಟ್ ಜತೆ ಟೀಚರ್‌ನ ಹಂಚಿಕೊಳ್ಳಬಹುದಾ ಕೇಳಿ. ಚಿಕ್ಕವರು ಹಾಗೆ ಮಾಡುತ್ತಾರೆ.

ಪಕ್ಕದೂರಿನವಳು | ಮಾರ್ಚ್ 13, ಬೆಳಿಗ್ಗೆ 8:00

ಪಾರ್ಸೆಲ್ ಟ್ಯಾಕ್ಸ್ ಯಾಕೆ ಬೇಡ? ಮನೆಗೆ ಇಷ್ಟು ಅಂತ ಹಾಕಿದರೆ ಸೂತ್ರದಲ್ಲಿ ಕಳೆಯುವುದಿಲ್ಲ, ಪೂರ್ತಿ ನಿಮಗೇ.

ಲೆಕ್ಕದ_ಮೇಷ್ಟ್ರು | ಮಾರ್ಚ್ 13, ಬೆಳಿಗ್ಗೆ 8:22

ಮೂರರಲ್ಲಿ ಎರಡು ಪಾಲು ವೋಟು ಬೇಕು. ಕಟ್ಟಡದ ಬಾಂಡ್‌ಗಾದರೆ ಶೇ 55 ಸಾಕು, ಆದರೆ ಆ ದುಡ್ಡಿನಲ್ಲಿ ಹೊಸ ಜಿಮ್ ಕಟ್ಟಬಹುದು, ಟೀಚರ್‌ಗೆ ಸಂಬಳ ಕೊಡುವ ಹಾಗಿಲ್ಲ. ಹೊಸ ಜಿಮ್ ಎದುರು ಟೀಚರ್‌ಗೆ ನೋಟಿಸ್ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ.

ಬಸವನಗುಡಿ_ಅಮ್ಮ | ಮೇ 14, ರಾತ್ರಿ 10:20

ಥ್ರೆಡ್ ಮೇಲೆತ್ತುತ್ತಿದ್ದೇನೆ. ಹಂಚಿಕೊಳ್ಳುವ ಪ್ರಸ್ತಾಪ ಒಪ್ಪಿದರು. ಟೀಚರ್ ವಾರಕ್ಕೆ ಎರಡು ದಿನ ನಮ್ಮಲ್ಲಿ, ಮೂರು ದಿನ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ. ಮೂರನೇ ಕ್ಲಾಸಿಗಿಂತ ಕೆಳಗಿನವರಿಗೆ ಸಂಗೀತ ಇಲ್ಲ. ಲೈಬ್ರರಿಗೆ ನಾವು ಏಳು ಜನ ಅಮ್ಮಂದಿರು ಸರದಿ ಹಾಕಿಕೊಂಡಿದ್ದೇವೆ, ನನ್ನದು ಗುರುವಾರ.

ನವೆಂಬರ್‌ಗೆ ಬೋರ್ಡಿನ ಎರಡು ಸೀಟು ಖಾಲಿ. ಇಲ್ಲಿಯವರೆಗೆ ನಿಲ್ಲುತ್ತೇನೆ ಅಂದವರು ಒಬ್ಬರೇ. ನಾಮಪತ್ರದ ಅರ್ಜಿ ಕೊಡುವುದು ಜುಲೈ ಮಧ್ಯದಲ್ಲಂತೆ. ಆಗ ನಾವು ಬೆಂಗಳೂರಿನಲ್ಲಿರುತ್ತೇವೆ, ಟಿಕೆಟ್ ಆಗಲೇ ತೆಗೆದಾಗಿದೆ. ಮೇಷ್ಟ್ರೇ, ವಾಪಸ್ ಬರುವುದು ಆಗಸ್ಟ್ 2ಕ್ಕೆ. ಸಮಯ ಸಾಕಾಗುತ್ತದಾ?

ಲೆಕ್ಕದ_ಮೇಷ್ಟ್ರು | ಮೇ 14, ರಾತ್ರಿ 10:31

ಆಗಸ್ಟ್ ಮೊದಲ ವಾರದ ಕೊನೆಗೆ ಮುಚ್ಚುತ್ತಾರೆ, ನಿಮ್ಮ ಕೌಂಟಿಯ ಚುನಾವಣಾ ಆಫೀಸಿಗೆ ಫೋನ್ ಮಾಡಿ ಸರಿಯಾದ ತಾರೀಕು ಬರೆದಿಟ್ಟುಕೊಳ್ಳಿ. ಜೆಟ್‌ಲ್ಯಾಗ್‌ನಲ್ಲೇ ಹೋಗಿ ಅರ್ಜಿ ತುಂಬಿ ಕೊಟ್ಟು ಬನ್ನಿ.

ವೀಸಾ_ವನವಾಸ | ಮೇ 14, ರಾತ್ರಿ 10:33

ವೋಟಿಲ್ಲ, ಆದರೆ ಮನೆ ಮನೆಗೆ ಚೀಟಿ ಹಂಚಲು ನಾನಿದ್ದೇನೆ. ಮೈಸೂರು ಪಾಕ್ ಸಮೇತ.